ಔಷಧದ ವಿದ್ಯೆಯೂ ರೋಗಿಯ ಸೇವೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಮರವಿಲ್ಲದ ಹಿತ್ತಿಲು ಹೇಗೆ ಅಪರೂಪವೋ, ಮಾತ್ರೆಯ ಡಬ್ಬಿಯಿಲ್ಲದ ಮನೆಯೂ ಈಗ ಹಾಗೆಯೇ ಅಪರೂಪವಾಗಿದೆ. ಹಿರಿಯರಿಗೆ ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ. ಮಕ್ಕಳಿಗೆ ಜ್ವರದ ಔಷಧ. ಅಟ್ಟದ ಮೇಲಿನ ಕಾಯಿಗಳು ಎಷ್ಟು, ಅವು ಎಂದು ಒಣಗಿ ಉಂಡೆ ಕೊಬ್ಬರಿಯಾಗುವುವು ಎಂಬುದನ್ನು ತಪ್ಪದೆ ಹೇಳಬಲ್ಲ ಗೃಹಸ್ಥರು, ಡಬ್ಬಿಯಲ್ಲಿರುವ ಮಾತ್ರೆಗಳ ಹೆಸರೇನು, ಅವು ದೇಹದಲ್ಲಿ ಏನು ಮಾಡುವುವು ಎಂದು ಕೇಳಿದರೆ ಸುಮ್ಮನಾಗುವರು. ಈ ಪ್ರಶ್ನೆಯನ್ನೇ ತನ್ನ ವ್ಯಾಸಂಗವನ್ನಾಗಿ ಮಾಡಿಕೊಂಡಿರುವ ಇದೇ ಸೀಮೆಯ ವಿದ್ಯಾರ್ಥಿನಿಯೊಬ್ಬಳ ಅನುಭವಗಳನ್ನು ನಾವು ಕೇಳಿ ತಿಳಿದೆವು. ಅವು ಪ್ರತಿಯೊಂದು ಕುಟುಂಬಕ್ಕೂ ಉಪಯೋಗವಾಗತಕ್ಕವೆಂದು ತೋರಿದುದರಿಂದ ವಾಚಕರ ಮುಂದಿಡುತ್ತೇವೆ. ಆಕೆಯ ಇಚ್ಛೆಯಂತೆ ಹೆಸರನ್ನು ಹೇಳುವುದಿಲ್ಲ.

ಆಕೆ ತುರುವೇಕೆರೆ ತಾಲ್ಲೂಕಿನ ಬೇಸಾಯಗಾರರ ಮಗಳು. ನಾಲ್ಕು ವರ್ಷಗಳ ಬಿ.ಫಾರ್ಮ ಪದವಿಯನ್ನು ಮುಗಿಸಿ, ಈಗ ಬೆಂಗಳೂರಿನಲ್ಲಿ ಎರಡು ವರ್ಷಗಳ ಎಂ.ಫಾರ್ಮ ವ್ಯಾಸಂಗದಲ್ಲಿದ್ದಾಳೆ. ಆರಿಸಿಕೊಂಡ ವಿಷಯ ಫಾರ್ಮಕಾಲಜಿ. ಔಷಧವನ್ನು ತಯಾರಿಸುವುದು ಬೇರೆ. ಆ ಔಷಧವು ದೇಹವನ್ನು ಏನು ಮಾಡುತ್ತದೆ, ದೇಹವು ಆ ಔಷಧವನ್ನು ಏನು ಮಾಡುತ್ತದೆ ಎಂದು ವಿಚಾರಿಸುವುದು ಬೇರೆ. ಈ ಎರಡನೆಯದೇ ಫಾರ್ಮಕಾಲಜಿ.

ಶಾಸ್ತ್ರದ ಹೆಸರು ಹೊಸದಾಗಿ ಕೇಳಿಸಿದರೂ ಅದರ ತತ್ತ್ವವು ನಮ್ಮ ತೋಟದವರಿಗೆ ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಪತ್ತೆಯಾದ ತೆಂಗಿನ ನುಸಿಯ ಪೀಡೆಯು ಬಳಿಕ ಈ ತೋಟಗಳಿಗೂ ಹಬ್ಬಿದಾಗ, ಬೇರಿನ ಮೂಲಕ ಮರಕ್ಕೆ ಔಷಧ ಉಣಿಸಿದುದು ಅನೇಕರ ನೆನಪಿನಲ್ಲಿರಬಹುದು. ಎಳೆಯ ಬೇರನ್ನು ಓರೆಯಾಗಿ ಕತ್ತರಿಸಿ, ಮಾನೋಕ್ರೋಟೋಫಾಸ್ ಬೆರೆಸಿದ ನೀರಿನ ಪುಟ್ಟ ಚೀಲದಲ್ಲಿ ಅದರ ತುದಿಯನ್ನಿಟ್ಟು ಕಟ್ಟಿದರೆ, ಮರವು ಅದನ್ನು ಹೀರಿ ಸುಳಿಯವರೆಗೆ ಒಯ್ಯುತ್ತಿತ್ತು. ಹಾಗೆ ಉಣಿಸಿದ ಮರದ ಕಾಯನ್ನು 45 ದಿನಗಳವರೆಗೆ ಕೀಳಬಾರದೆಂದು ಕೃಷಿತಜ್ಞರು ಎಚ್ಚರಿಸುತ್ತಿದ್ದರು. ಹೀರುವುದು, ಹರಡುವುದು, ಮಾರ್ಪಡುವುದು, ಹೊರಹೋಗುವುದು—ಮನುಷ್ಯನು ನುಂಗಿದ ಮಾತ್ರೆಗೂ ಈ ನಾಲ್ಕೇ ಅವಸ್ಥೆಗಳು. ಮಗಳು ಹೀಗೆ ವಿವರಿಸಿದ ಮೇಲೆಯೇ ಆಕೆ ಏನು ಓದುತ್ತಿರುವಳೆಂಬುದು ತಂದೆಗೆ ತಿಳಿಯಿತಂತೆ.

ಅದೇ ಮಾನೋಕ್ರೋಟೋಫಾಸ್ ಮನುಷ್ಯನ ದೇಹವನ್ನು ಹೊಕ್ಕರೆ ಜೊಲ್ಲು ಸುರಿದು, ಕಣ್ಣಿನ ಪಾಪೆ ಕಿರಿದಾಗಿ, ಉಸಿರಾಟವು ಕೆಡುತ್ತದೆ. ಆಗ ವೈದ್ಯರು ಕೊಡುವ ಅಟ್ರೊಪಿನ್ ಎಂಬುದು ಬೆಲ್ಲಡೋನಾ ಗಿಡದಲ್ಲಿರುವ ವಸ್ತು; ಅದೂ ಅಳತೆ ಮೀರಿದರೆ ವಿಷವೇ. ಪ್ರಮಾಣವನ್ನು ಅರಿಯದವನಿಗೆ ಔಷಧವೂ ವಿಷವೂ ಒಂದೇ ಎಂಬುದು ಈ ವ್ಯಾಸಂಗದ ಮೊದಲ ಪಾಠ.

ಪಾಠಕ್ರಮವು ಸುಲಭವಾದುದಲ್ಲ. ಮೊದಲ ವರ್ಷದಲ್ಲಿ ಔಷಧಗಳ ವರ್ಗಗಳು, ಜೀವಕೋಶದಲ್ಲಿ ಅವುಗಳ ವ್ಯಾಪಾರ, ವಿಷಪರೀಕ್ಷೆ, ಹೊಸ ಔಷಧವನ್ನು ಶೋಧಿಸುವ ಕ್ರಮ. ಎರಡನೆಯ ವರ್ಷದಲ್ಲಿ ಸಂಖ್ಯಾಶಾಸ್ತ್ರವೂ ಸಂಶೋಧನ ಪ್ರಬಂಧವೂ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸಬೇಕಾದರೆ ಅದಕ್ಕೆಂದೇ ಇರುವ ನೀತಿಸಮಿತಿಯ ಒಪ್ಪಿಗೆಯನ್ನು ಮುಂದಾಗಿ ಪಡೆಯತಕ್ಕದ್ದು. ಇಲಿಗೆ ಒಗ್ಗಿದ ಪ್ರಮಾಣವನ್ನು ತೂಕದ ಲೆಕ್ಕದಿಂದ ಗುಣಿಸಿದ ಮಾತ್ರಕ್ಕೆ ಮನುಷ್ಯನ ಪ್ರಮಾಣವು ದೊರೆಯದು. ಇಲಿಯ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕೊಟ್ಟಷ್ಟನ್ನು ಸುಮಾರು 6ರಿಂದ ಭಾಗಿಸಿದರೆ ಮನುಷ್ಯನ ಪ್ರತಿ ಕಿಲೋಗ್ರಾಮಿನ ಅಂದಾಜು ಸಿಕ್ಕುತ್ತದೆ. ರಕ್ತದಲ್ಲಿರುವ ಔಷಧವು ಅರ್ಧಕ್ಕಿಳಿಯಲು ಹಿಡಿಯುವ ಕಾಲವನ್ನೂ ಗಣಿಸಬೇಕು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಆರೋಗ್ಯವಂತರಲ್ಲಿ 2ರಿಂದ 3 ಗಂಟೆಗಳಲ್ಲಿ ಅರ್ಧವಾಗುತ್ತದೆ; ಕೆಲವು ಔಷಧಗಳಿಗೆ ದಿನಗಳೇ ಬೇಕು. ವೃದ್ಧರಲ್ಲಿ ಮೂತ್ರಪಿಂಡವು ದುರ್ಬಲವಾಗಿದ್ದರೆ ಹಲವು ಔಷಧಗಳು ಇನ್ನೂ ಹೆಚ್ಚು ಕಾಲ ನಿಲ್ಲುತ್ತವೆ.

ಇಷ್ಟೆಲ್ಲ ಕಲಿತರೂ ರೋಗಿಯ ಮುಖವನ್ನು ನೋಡುವ ಸಂದರ್ಭವು ಈ ವ್ಯಾಸಂಗದಲ್ಲಿ ಹೆಚ್ಚಾಗಿ ಬರುವುದಿಲ್ಲ. 2008ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಫಾರ್ಮ.ಡಿ. ಎಂಬ ಆರು ವರ್ಷಗಳ ವ್ಯಾಸಂಗದವರು ಕಡೆಯ ವರ್ಷವನ್ನು ಆಸ್ಪತ್ರೆಯಲ್ಲಿಯೇ ಕಳೆಯುತ್ತಾರೆ. ಪ್ರಯೋಗಶಾಲೆಯ ದಾರಿಯನ್ನು ಹಿಡಿದವರಿಗೆ ಆ ಕಟ್ಟಳೆಯಿಲ್ಲ. ಈ ಕೊರತೆಯನ್ನು ಮನಗಂಡ ನಮ್ಮ ವಿದ್ಯಾರ್ಥಿನಿಯು, ರಜೆಯ ದಿನಗಳಲ್ಲಿ ತನ್ನ ಸೀಮೆಯ ಆಸ್ಪತ್ರೆಯೊಂದರ ಮುಖ್ಯ ವೈದ್ಯರನ್ನು ಕಂಡು ಸ್ವಯಂಸೇವಕಿಯಾಗಿರಲು ಒಪ್ಪಿಗೆ ಬೇಡಿದಳು. “ಇಷ್ಟು ಓದಿ ಸಂಬಳವಿಲ್ಲದ ಕೆಲಸವೇ?” ಎಂದು ನೆಂಟರು ಮೂಗು ಮುರಿದರು. ತಾಯಿ ಮಾತ್ರ ಬುತ್ತಿ ಕಟ್ಟಿಕೊಟ್ಟು ಕಳುಹಿಸಿದರು.

ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ ನಿಂತು, ಯಾವುದನ್ನು ಯಾವಾಗ ನುಂಗಬೇಕೆಂದು ಬಂದವರಿಗೆ ತಿಳಿಸುವುದು ಆಕೆಯ ಕೆಲಸ. ಚೀಟಿಯ ಮೇಲಿದ್ದ 1–0–1 ಎಂಬ ಗುರುತನ್ನು ಕಂಡು ಮುದುಕಿಯೊಬ್ಬರು, “ನೂರೊಂದು ಅಂತ ಬರೆದಿದೆ, ಎಣಿಸಿದರೆ ಹತ್ತೇ ಇವೆಯಲ್ಲ ತಾಯಿ?” ಎಂದು ಕೇಳಿದರಂತೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಹೇಳಿಕೊಟ್ಟು, ಮತ್ತೆ ಅವರ ಬಾಯಿಂದಲೇ ಹೇಳಿಸಿ ಕಳುಹಿಸಿದಳು. ಅಂದಿನಿಂದ ಚೀಟಿಗಳ ಮೇಲೆ ಅಂಕಿಯ ಪಕ್ಕದಲ್ಲಿ ಸೂರ್ಯನನ್ನೂ ಚಂದ್ರನನ್ನೂ ಬರೆಯತೊಡಗಿದಳು.

ಮತ್ತೊಂದು ದಿನ ಚಿಕ್ಕನಾಯಕನಹಳ್ಳಿಯ ಕಡೆಯ ಒಬ್ಬ ವೃದ್ಧರನ್ನು ಮಕ್ಕಳು ಕರೆತಂದರು. ಕೆಲವು ದಿನಗಳಿಂದ ಬೆವರು, ನಡುಕ, ಮಾತಿನಲ್ಲಿ ತಡವರಿಕೆ. ಅಂದು ತೋಟದಲ್ಲಿಯೇ ಕುಸಿದಿದ್ದರು. ರಕ್ತದಲ್ಲಿ ಸಕ್ಕರೆಯು ಬಹಳ ಕೆಳಗಿಳಿದಿದ್ದಿತು. ಗ್ಲುಕೋಸ್ ಕೊಟ್ಟ ಮೇಲೆ ಎಚ್ಚರವಾಯಿತು. ಕಾರಣವೇನೆಂಬುದು ಮಾತ್ರ ತಿಳಿಯಲಿಲ್ಲ. ವಿದ್ಯಾರ್ಥಿನಿಯು ಅವರ ಬಟ್ಟೆಯ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಹರಡಿ ನೋಡಿದಳು.

“ಅಜ್ಜ, ಇವೆರಡನ್ನೂ ತಗೋತಿದ್ರಾ?”

“ಹೂಂ ತಾಯಿ. ಕೆಂಪು ಹಾಳೆಯದು ಇಲ್ಲಿಯ ಡಾಕ್ಟರು ಬರೆದದ್ದು. ಹಸಿರಿನದು ಮಗ ಬೆಂಗಳೂರಲ್ಲಿ ತೋರಿಸಿದಾಗ ಕೊಟ್ಟದ್ದು. ಎರಡೂ ಒಳ್ಳೆಯ ಡಾಕ್ಟರೇ. ಯಾವುದನ್ನು ಬಿಡಲಿ?”

ಹೆಸರು ಬೇರೆ, ಬಣ್ಣ ಬೇರೆ. ಸಣ್ಣ ಅಕ್ಷರಗಳಲ್ಲಿದ್ದ ಮೂಲನಾಮ ಮಾತ್ರ ಎರಡರ ಮೇಲೂ ಒಂದೇ—ಗ್ಲಿಮೆಪಿರೈಡ್. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿ ಸಕ್ಕರೆಯನ್ನು ಇಳಿಸುವ ಔಷಧವದು. ಇಬ್ಬರು ವೈದ್ಯರೂ ಸರಿಯಾದುದನ್ನೇ ಬರೆದಿದ್ದರು. ಒಬ್ಬರು ಕೊಟ್ಟುದನ್ನು ಮತ್ತೊಬ್ಬರಿಗೆ ಯಾರೂ ತಿಳಿಸಿರಲಿಲ್ಲ. ಮದ್ದನ್ನು ಬದಲಿಸುವ ಅಧಿಕಾರವು ಸ್ವಯಂಸೇವಕಿಗಿಲ್ಲ. ಆದಕಾರಣ ಆಕೆ ಎರಡು ಹಾಳೆಗಳನ್ನೂ ಒಯ್ದು ದಾದಿಯವರಿಗೂ ವೈದ್ಯರಿಗೂ ತೋರಿಸಿದಳು. ವೈದ್ಯರು ಒಂದನ್ನು ನಿಲ್ಲಿಸಿದರು. ಈ ಔಷಧದ ಪರಿಣಾಮವು ಬಹುಕಾಲ ನಿಲ್ಲುವುದರಿಂದ ವೃದ್ಧರನ್ನು ಆ ರಾತ್ರಿ ಅಲ್ಲಿಯೇ ಇರಿಸಿಕೊಂಡರು. ಎರಡು ದಿನಗಳಲ್ಲಿ ಅಜ್ಜ ನಡೆದುಕೊಂಡೇ ಮನೆಗೆ ಹೋದರು.

“ಆ ಔಷಧದ ಗುಣವನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಒಂದು ಮನೆಯೊಳಗೆ ಅದು ಎರಡು ಹೆಸರಿನಿಂದ ಸೇರಬಹುದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ” ಎಂದು ಆಕೆ ನಮಗೆ ಹೇಳಿದಳು. ಈಗ ಬೆಂಗಳೂರಿನ ತರಗತಿಯಲ್ಲಿ ಯಾವ ಔಷಧದ ಪಾಠ ನಡೆದರೂ, ಇದನ್ನು ಅಜ್ಜನಿಗೆ ಹೇಗೆ ತಿಳಿಸಲಿ ಎಂಬ ಯೋಚನೆ ಜೊತೆಯಲ್ಲಿಯೇ ಬರುವುದಂತೆ.

ಇಂತಹ ಸಂಗತಿಗಳು ಲೆಕ್ಕಕ್ಕೆ ಬಾರದೆ ಹೋಗಬಾರದೆಂದು 2010ರಲ್ಲಿ ಭಾರತ ಸರ್ಕಾರವು ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅದರ ಕೇಂದ್ರವು ಗಾಜಿಯಾಬಾದಿನಲ್ಲಿದೆ. ವೈದ್ಯರು ಮಾತ್ರವಲ್ಲದೆ ಗೃಹಸ್ಥರೂ 1800–180–3024 ಎಂಬ ಉಚಿತ ದೂರವಾಣಿಯ ಮೂಲಕ ತಿಳಿಸಬಹುದು.

ನಮ್ಮ ವಾಚಕರಲ್ಲಿ ಒಂದೆರಡು ವಿಜ್ಞಾಪನೆಗಳಿವೆ. ಮನೆಯ ಹಿರಿಯರು ಸೇವಿಸುವ ಎಲ್ಲ ಔಷಧಗಳ ಪಟ್ಟಿಯೊಂದನ್ನು ಮೂಲನಾಮದೊಡನೆ ಬರೆದಿಡಿರಿ. ಯಾವ ವೈದ್ಯರ ಬಳಿಗೆ ಹೋದರೂ ಆ ಪಟ್ಟಿಯನ್ನೂ, ನಾಟಿ ಮದ್ದನ್ನೂ ಒಳಗೊಂಡಂತೆ ಮಾತ್ರೆಗಳನ್ನೆಲ್ಲ ಒಯ್ಯಿರಿ. ಪಕ್ಕದ ಮನೆಯವರಿಗೆ ಗುಣ ಕೊಟ್ಟಿತೆಂದು ಅವರ ಮಾತ್ರೆಯನ್ನು ಕೇಳಿ ತರಬೇಡಿರಿ. ಸಕ್ಕರೆ ಕಾಯಿಲೆಯವರಿಗೆ ಬೆವರು ನಡುಕಗಳು ಬಂದಾಗ ಎಚ್ಚರವಿದ್ದರೆ ಕೂಡಲೆ ಸಕ್ಕರೆಯ ನೀರನ್ನು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಿರಿ. ಔಷಧವನ್ನು ಓದಿದ ಮಕ್ಕಳು ನಿಮ್ಮ ಊರಿನಲ್ಲಿದ್ದರೆ, ರಜೆಗೆ ಬಂದಾಗ ಒಂದು ಸಂಜೆ ಮನೆಗೆ ಕರೆದು ಡಬ್ಬಿಯನ್ನು ತೆರೆದು ತೋರಿಸಿರಿ. ಅವರ ವಿದ್ಯೆಗೂ ಅದರಿಂದ ಲಾಭ, ನಿಮ್ಮ ಮನೆಗೂ ಕ್ಷೇಮ.