ಕೇಬಲ್ ಬಿಟ್ಟು ಡಿಟಿಎಚ್‌ಗೆ ಬರುವ ಮುನ್ನ

ಕೇಬಲ್ ಟಿವಿಯಲ್ಲಿ ಚಾನೆಲ್‌ಗಳು ಸ್ಥಳೀಯ ಆಪರೇಟರ್ ಎಳೆದ ತಂತಿಯ ಮೂಲಕ ಮನೆಗೆ ಬರುತ್ತವೆ. ಡಿಟಿಎಚ್‌ನಲ್ಲಿ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ ಇಳಿಯುತ್ತವೆ.

ಮೊದಲು ನೋಡಬೇಕಾದದ್ದು ಜಾಗ. ಭಾರತದ ಡಿಟಿಎಚ್ ಉಪಗ್ರಹಗಳು ಕರ್ನಾಟಕದಿಂದ ನೋಡಿದರೆ ಆಗ್ನೇಯದ ಕಡೆಗಿವೆ. ಆ ದಿಕ್ಕಿಗೆ ಮರವೋ ಎತ್ತರದ ಕಟ್ಟಡವೋ ಅಡ್ಡವಿದ್ದರೆ ಸಿಗ್ನಲ್ ಸಿಗದು. ಬಾಡಿಗೆ ಮನೆಯಾದರೆ ತಾರಸಿಯಲ್ಲಿ ಡಿಶ್ ಕೂರಿಸಲು ಮಾಲೀಕರ ಒಪ್ಪಿಗೆಯೂ ಬೇಕು.

ಎರಡನೆಯದು ಖರ್ಚು. ಕೇಬಲ್‌ನ ಸೆಟ್‌ಟಾಪ್ ಬಾಕ್ಸ್ ಡಿಟಿಎಚ್‌ಗೆ ಹೊಂದುವುದಿಲ್ಲ. ಹೊಸ ಬಾಕ್ಸ್ ಮತ್ತು ಡಿಶ್ ಬೇಕು. ಹಳೆಯ ಬಾಕ್ಸ್‌ಗೆ ಠೇವಣಿ ಕಟ್ಟಿದ್ದರೆ, ಬಾಕ್ಸ್ ಹಿಂದಿರುಗಿಸಿ ಹಣ ಕೇಳಿ ಪಡೆಯಬೇಕು. 2019ರಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ, ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿಕೊಳ್ಳುವ ಅವಕಾಶ ಕೇಬಲ್, ಡಿಟಿಎಚ್ ಎರಡರಲ್ಲೂ ಇದೆ.

ಮೂರನೆಯದು ಅಡಚಣೆ. ಬೀದಿಯಲ್ಲಿ ತಂತಿ ತುಂಡಾದರೆ ಕೇಬಲ್ ನಿಲ್ಲುತ್ತದೆ. ಡಿಟಿಎಚ್‌ಗೆ ಆ ತೊಂದರೆಯಿಲ್ಲ. ಆದರೆ ಜೋರು ಮಳೆಯ ಹನಿಗಳು ಡಿಟಿಎಚ್ ಬಳಸುವ ಕೆಯು-ಬ್ಯಾಂಡ್ ರೇಡಿಯೊ ಅಲೆಗಳನ್ನು ಹೀರಿಕೊಂಡು ಚದುರಿಸುವುದರಿಂದ ಚಿತ್ರ ಕೆಲಹೊತ್ತು ಹೋಗಬಹುದು. ತಂತಿ ತಲುಪದ ಮಲೆನಾಡಿನ ಒಂಟಿಮನೆಗಳಿಗೆ ಡಿಶ್ಶೇ ಅನುಕೂಲ.

ತಿಂಗಳ ಶುಲ್ಕವೇ ಬೇಡವೆನ್ನುವವರಿಗೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಇದೆ. ಡಿಶ್, ಬಾಕ್ಸ್ ಒಮ್ಮೆ ಕೊಂಡರೆ ಸಾಕು. ಪಾವತಿ ಚಾನೆಲ್‌ಗಳು ಮಾತ್ರ ಅದರಲ್ಲಿ ಬರುವುದಿಲ್ಲ.