ನಾಲ್ಕೂ ಕಡೆ ನೀರು, ನಡುವೆ ಮನೆ

ಮಲೆನಾಡಿನಲ್ಲಿ ಮಳೆ ಹಿಡಿದು ಒಂದು ವಾರ ಕಳೆದರೆ ಸಾಕು, ಹರಿಹರ ತಾಲ್ಲೂಕಿನ ನಂದಿಗುಡಿ ಸೀಮೆಯಲ್ಲಿ ತುಂಗಭದ್ರೆಯ ರೂಪವೇ ಬದಲಾಗುತ್ತದೆ. ಬೇಸಿಗೆಯಲ್ಲಿ ಸೊರಗಿ ಹರಿಯುತ್ತಿದ್ದ ನದಿ ಕೆಂಪು ನೀರಿನ ವಿಶಾಲ ಪ್ರವಾಹವಾಗಿ ದಂಡೆಯನ್ನು ತಬ್ಬುತ್ತದೆ. ಅತ್ತ ಉಕ್ಕಡಗಾತ್ರಿಯಲ್ಲಿ ಅಜ್ಜಯ್ಯನ ಸನ್ನಿಧಿಯ ಸ್ನಾನಘಟ್ಟ ನೀರಿನಡಿ ಮರೆಯಾಗುತ್ತದೆ. ನಿನ್ನೆ ಸಂಜೆ ದನಕರು ಅಡ್ಡಾಡಿದ ದಿಬ್ಬ ಬೆಳಗಾಗುವಷ್ಟರಲ್ಲಿ ನಡುಗಡ್ಡೆಯಾಗಿ ನಿಂತಿರುತ್ತದೆ. ಅಂಥ ದಿಬ್ಬದ ಮೇಲೊಂದು ಮನೆ, ಸುತ್ತ ತೆಂಗು, ಪಡಸಾಲೆಯಲ್ಲಿ ಕುಳಿತರೆ ನಾಲ್ಕೂ ಕಡೆ ನೀರಿನ ಹೊಳಪು: ಈ ಕನಸನ್ನು ಒಮ್ಮೆಯಾದರೂ ಕಾಣದ ಕುಟುಂಬ ವಿರಳ. ಇಂದು ಅದಕ್ಕೆ ವಿಲ್ಲಾ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಉಷ್ಣವಲಯದ ದ್ವೀಪದಲ್ಲಿ ವಿಲಾಸಗೃಹ ಕಟ್ಟುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಅದರ ಅತ್ಯುಜ್ವಲ ನಿದರ್ಶನವೊಂದು ಇನ್ನೂರ ನಲವತ್ತು ವರ್ಷಗಳಿಂದ ಕಾವೇರಿಯ ಮಡಿಲಲ್ಲಿ ನಿಂತಿದೆ.

ಕಾವೇರಿ ಎರಡಾಗಿ ಕವಲೊಡೆದು ಮತ್ತೆ ಒಂದಾಗುವ ನಡುವಣ ನೆಲವೇ ಶ್ರೀರಂಗಪಟ್ಟಣ. ಅಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್. ಒಳಹೊಕ್ಕವರ ಕಣ್ಣು ಮೊದಲು ಸೆಳೆಯುವುದು ಗೋಡೆಗಳ ಚಿತ್ರವೈಭವ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ ಆನೆ, ಕುದುರೆ, ಪಲ್ಲಕ್ಕಿ, ಹೊಗೆಗಳ ಸಮೇತ ಇಂದಿಗೂ ಜೀವಂತ. ಆದರೆ ಮನೆ ಕಟ್ಟುವ ಮನಸ್ಸುಳ್ಳವರು ಚಿತ್ರಗಳಿಂದ ಒಂದು ಹೆಜ್ಜೆ ಹಿಂದೆ ಸರಿದು ಕಟ್ಟಡವನ್ನೇ ನೋಡಬೇಕು. ಎತ್ತರದ ಜಗಲಿಯ ಮೇಲೆ ಚೌಕಾಕಾರದ ವಿನ್ಯಾಸ. ಸುತ್ತಲೂ ಮರದ ಕಂಬಗಳ ಅಗಲವಾದ ಮೊಗಸಾಲೆ. ಕಂಬ, ತೊಲೆ, ಮಾಳಿಗೆಗಳಿಗೆಲ್ಲ ತೇಗ. ಬಿಸಿಲು ಗೋಡೆಗೆ ತಾಗದಂತೆ ಮೊಗಸಾಲೆಯ ಅಂಚಿಗೆ ಇಳಿಬಿಟ್ಟ ಹಸಿರು ತೆರೆಗಳು. ಏಪ್ರಿಲ್‌ನ ನಡುಹಗಲಿನಲ್ಲೂ ಒಳಗೆ ತಂಪು. ನೆರೆಗೆ ಜಗಲಿ, ಬಿಸಿಲಿಗೆ ಮೊಗಸಾಲೆ, ಸೆಕೆಗೆ ಗಾಳಿಯ ದಾರಿ ಎಂದು ಹವಾಮಾನದ ಒಂದೊಂದು ಪ್ರಶ್ನೆಗೂ ವಿನ್ಯಾಸದಲ್ಲೇ ಉತ್ತರ ಕೊಟ್ಟಿರುವ ಈ ಕಟ್ಟಡ, ಹಣವನ್ನು ಎಲ್ಲಿ ಸುರಿಯಬೇಕು ಎಂಬುದಕ್ಕೆ ಅಪೂರ್ವ ಪಾಠಶಾಲೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ವಾಸಕ್ಕೆ ಆರಿಸಿಕೊಂಡದ್ದೂ ಇದನ್ನೇ. ಇಂದು ಇದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ವಸ್ತುಸಂಗ್ರಹಾಲಯ.

ದ್ವೀಪದ ಚರಿತ್ರೆಯನ್ನು ಬದಲಿಸುವುದು ಅರಮನೆಯಲ್ಲ, ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಶ್ರೀರಂಗಪಟ್ಟಣಕ್ಕೆ ವೆಲ್ಲೆಸ್ಲಿ ಸೇತುವೆ ಬಂದಿತು. ಅದರ ಕಲ್ಲುಕಂಬಗಳ ಸಾಲು ಇಂದಿಗೂ ನೋಡುಗರನ್ನು ಬೆರಗುಗೊಳಿಸುತ್ತದೆ. ನಮ್ಮ ಹರಿಹರದ ಕಥೆಯೂ ಇಂಥದ್ದೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರನ ಭವ್ಯ ದೇಗುಲವನ್ನು ನದಿಯ ದಡದಲ್ಲಿ ನಿಲ್ಲಿಸಿದ. ಆ ಬಳಿಕ ಆರು ಶತಮಾನಕ್ಕೂ ಮಿಕ್ಕ ಕಾಲ ಕಳೆದು, 1868ರಲ್ಲಿ, ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಇಲ್ಲಿ ಕಲ್ಲು, ಇಟ್ಟಿಗೆಯ ಸೇತುವೆ ಪೂರ್ಣಗೊಂಡಿತು. ತಲಾ 60 ಅಡಿ ಅಗಲದ 14 ಕಮಾನುಗಳು. ತಗುಲಿದ ವೆಚ್ಚ ಮೂರೂವರೆ ಲಕ್ಷ ರೂಪಾಯಿಯ ಸಮೀಪ. ಅಂದಿನ ಮೂರೂವರೆ ಲಕ್ಷವನ್ನು ಬರಿಯ ನೀರು ದಾಟುವುದಕ್ಕೆ ತೆತ್ತ ಆ ಲೆಕ್ಕದಲ್ಲಿ ದ್ವೀಪದ ಮನೆಯ ಅರ್ಥಶಾಸ್ತ್ರವೆಲ್ಲ ಅಡಗಿದೆ.

ಏಕೆಂದರೆ ಮನೆಯೆಂಬುದು ಮೂಲತಃ ಒಂದು ಮಹಾಭಾರ. ದಾವಣಗೆರೆ ಕಡೆಯ ಗೌಂಡಿಗಳು ಮನೆಯನ್ನು ಅಳೆಯುವುದು ಚದರದಲ್ಲಿ. ನೂರು ಚದರಡಿಗೆ ಒಂದು ಚದರ. ಹದಿನೈದು ಚದರದ ಸಾಧಾರಣ ತಾರಸಿ ಮನೆಯನ್ನೇ ತೆಗೆದುಕೊಳ್ಳೋಣ. ಎಂಜಿನಿಯರುಗಳ ರೂಢಿಯ ಸ್ಥೂಲ ಲೆಕ್ಕದಂತೆ ಪ್ರತಿ ಚದರಡಿಗೆ 0.4 ಚೀಲ ಸಿಮೆಂಟ್ ಎಂದರೆ 600 ಚೀಲ, ಅಂದರೆ 30 ಟನ್. ಚದರಡಿಗೆ 4 ಕಿಲೋ ಎಂದರೆ ಕಬ್ಬಿಣ 6 ಟನ್. ಇಟ್ಟಿಗೆ ಹನ್ನೆರಡು ಸಾವಿರ. ತಲಾ 3 ಕಿಲೋ ಹಿಡಿದರೂ 36 ಟನ್. ಉಸುಕು 27 ಬ್ರಾಸ್, ಸುಮಾರು 120 ಟನ್. ಖಡಿ 20 ಬ್ರಾಸ್, ಸುಮಾರು 85 ಟನ್. ಬುನಾದಿಯ ಸೈಜುಗಲ್ಲು ಬಿಟ್ಟೇ ಒಟ್ಟು 275 ಟನ್‌ ದಾಟುತ್ತದೆ. ನಂದಿಗುಡಿಯ ನಿವೇಶನಕ್ಕಾದರೆ ಹತ್ತು ಟನ್ನಿನ ಲಾರಿ ಇಪ್ಪತ್ತೆಂಟು ಸಲ ಬಂದು ಸುರಿದು ಹೋದರೆ ಮುಗಿಯಿತು. ಅದೇ ಮನೆ ಸೇತುವೆಯಿಲ್ಲದ ನಡುಗಡ್ಡೆಯ ಮೇಲಾದರೆ, ಎರಡು ಟನ್ ಹೊರುವ ದೋಣಿ ನೂರ ನಲವತ್ತು ಸಲ ಹೋಗಿಬರಬೇಕು. ದಡದಲ್ಲಿ ಲಾರಿಯಿಂದ ಇಳಿಸಿ, ದೋಣಿಗೆ ಏರಿಸಿ, ಆಚೆ ದಡದಲ್ಲಿ ಇಳಿಸಿ, ಅಲ್ಲಿಂದ ತಲೆಹೊರೆಯಲ್ಲಿ ಕಟ್ಟಡದ ಬುಡಕ್ಕೆ. ಸಿಮೆಂಟಿನ ಬೆಲೆ ದಾವಣಗೆರೆಯ ಅಂಗಡಿಯಲ್ಲಿ ಎಷ್ಟಿದೆಯೋ ಅಷ್ಟೇ. ಅದು ಎಷ್ಟು ಸಲ ಮನುಷ್ಯರ ಹೆಗಲೇರಿತು ಎಂಬುದೇ ದ್ವೀಪದಲ್ಲಿ ಅದರ ನಿಜವಾದ ಬೆಲೆ. ದ್ವೀಪದ ಅಂದಾಜು ಪಟ್ಟಿಯಲ್ಲಿ ಸಾಗಾಟವನ್ನು ‘ಇತರೆ’ ಎಂಬ ಕೊನೆಯ ಸಾಲಿಗೆ ತಳ್ಳುವುದು ಮೊದಲ ತಪ್ಪು. ಅದು ಮೊದಲ ಸಾಲಿನಲ್ಲೇ ಬರಬೇಕು.

ಭಾರವೇ ವೆಚ್ಚವೆಂದ ಮೇಲೆ ಹಗುರವಾಗಿ ಕಟ್ಟುವುದೇ ಜಾಣತನ. ಇಲ್ಲಿ ಕರಾವಳಿಯ ಅನುಭವ ಅಮೂಲ್ಯ. ಉಡುಪಿ, ಕುಂದಾಪುರದ ಕಡೆ ಸ್ವರ್ಣಾ, ಸೀತಾ, ಪಂಚಗಂಗಾವಳಿ ನದಿಗಳ ಒಡಲಲ್ಲಿರುವ ದ್ವೀಪಗಳನ್ನು ‘ಕುದ್ರು’ ಎನ್ನುತ್ತಾರೆ. ತೆಂಗಿನ ತೋಟಗಳ ನಡುವೆ ಅಲ್ಲಿ ತಲೆಮಾರುಗಳಿಂದ ಸಂಸಾರಗಳು ಬದುಕಿವೆ. ಆ ಸೀಮೆಯ ಮನೆಗಳ ಗೋಡೆಗೆ ಮುರಕಲ್ಲು, ಮಾಡಿಗೆ ಹೆಂಚು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಜಗದ್ವಿಖ್ಯಾತವಾಯಿತು. ಹದಿನೈದು ಚದರಕ್ಕೆ ಐದು ಇಂಚಿನ ಕಾಂಕ್ರೀಟ್ ತಾರಸಿ ಹಾಕಿದರೆ ಅದೊಂದೇ ನಲವತ್ತು ಟನ್ ಮೀರುತ್ತದೆ. ಇಳಿಜಾರಿನ ಮಾಡಿಗೆ ಹೊದಿಸುವ ಹೆಂಚುಗಳೆಲ್ಲ ಸೇರಿದರೂ ಏಳೆಂಟು ಟನ್. ಮರದ ಪಕಾಸಿ, ರೀಪುಗಳ ತೂಕ ಸೇರಿಸಿದರೂ ಅಂತರ ಅಗಾಧ. ಅಜ್ಜಂದಿರ ಹೆಂಚಿನ ಮನೆಯನ್ನು ಹಳೆಯ ಕಾಲದ್ದೆಂದು ಕೆಡವಿ ತಾರಸಿ ಎತ್ತುವವರು ಈ ಒಂದು ಲೆಕ್ಕವನ್ನು ನೋಡಬೇಕೆಂದು ಈ ಲೇಖಕನ ಮನಃಪೂರ್ವಕ ಆಸೆ.

ಸಮುದ್ರ ಸಮೀಪಿಸಿದಂತೆ ಇನ್ನೊಬ್ಬ ಶತ್ರು ಜೊತೆಯಾಗುತ್ತಾನೆ: ಉಪ್ಪು. ಉಪ್ಪುಗಾಳಿ ಕಾಂಕ್ರೀಟಿನೊಳಗೆ ನುಸುಳಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಅದಕ್ಕಾಗಿಯೇ ಭಾರತೀಯ ಮಾನಕ ಐಎಸ್ 456, ದಾವಣಗೆರೆಯಂಥ ಒಳನಾಡಿನ ಸೌಮ್ಯ ವಾತಾವರಣದಲ್ಲಿ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಸಾಕೆಂದರೂ, ಕರಾವಳಿಯ ಗಾಳಿಗೆ ಮೈಯೊಡ್ಡಿದ ಕಟ್ಟಡಕ್ಕೆ 45 ಮಿಲಿಮೀಟರ್, ಅಲೆಯ ತುಂತುರು ತಾಗುವಲ್ಲಿ 50 ಮಿಲಿಮೀಟರ್ ಬೇಕೆನ್ನುತ್ತದೆ. ಕಾಂಕ್ರೀಟಿನ ದರ್ಜೆಯೂ ಎಂ-30, ಎಂ-35ಕ್ಕೆ ಏರುತ್ತದೆ. ಕಾಲಬುಡದಲ್ಲೇ ರಾಶಿ ಬಿದ್ದಿರುವ ಕಡಲ ಮರಳನ್ನು ಮುಟ್ಟುವಂತಿಲ್ಲ. ಅದರ ಉಪ್ಪು ಮನೆಯ ಆಯುಷ್ಯವನ್ನೇ ಕುಡಿದುಬಿಡುತ್ತದೆ. ಹೀಗೆ ಮರಳಿನ ನಡುವೆ ನಿಂತು ಮರಳನ್ನು ದೂರದಿಂದ ತರಿಸುವ ವಿಚಿತ್ರ ಅನಿವಾರ್ಯ. ಅಂಡಮಾನ್‌ನಂಥ ದೂರದ್ವೀಪಗಳಿಗಂತೂ ಸಾಮಗ್ರಿ ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಹಡಗೇರಬೇಕು. ಲಕ್ಷದ್ವೀಪಕ್ಕೆ ಕಾಲಿಡುವುದಕ್ಕೇ ಪರವಾನಗಿ ಬೇಕು.

ಸುತ್ತ ನೀರಿದ್ದರೂ ಕುಡಿಯುವ ನೀರು ಪ್ರತ್ಯೇಕ ಖರ್ಚು. ಇಲ್ಲಿ ಮಾತ್ರ ಆಕಾಶ ಉದಾರಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹದಿನೈದು ಚದರವೆಂದರೆ ಸುಮಾರು 140 ಚದರ ಮೀಟರ್. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಕರಾವಳಿಯ ಮಳೆಯಲ್ಲಿ, ಸೋರಿಹೋದದ್ದನ್ನು ಕಳೆದರೂ, ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಒಂದೇ ಸೂರಿನಿಂದ ಇಳಿಯುತ್ತದೆ. ಹಿಡಿದಿಡುವ ತೊಟ್ಟಿಯ ವೆಚ್ಚವನ್ನು ಬುನಾದಿಯ ಜೊತೆಗೇ ಲೆಕ್ಕ ಹಾಕಿದರೆ ಅಗ್ಗ. ಮನೆ ಮುಗಿದ ಮೇಲೆ ಅಂಗಳ ಅಗೆಸಿದರೆ ದುಬಾರಿ.

ಇನ್ನು ಯಾವ ಗೌಂಡಿಯ ಪಟ್ಟಿಯಲ್ಲೂ ಕಾಣದ, ಆದರೆ ಇಡೀ ಹಣವನ್ನು ನುಂಗಬಲ್ಲ ಬಾಬ್ತು ಕಾನೂನು. ನಂದಿಗುಡಿ, ಹರಿಹರಗಳನ್ನು ಹಾದುಹೋದ ಇದೇ ತುಂಗಭದ್ರೆ ಹೊಸಪೇಟೆಯ ಅಣೆಕಟ್ಟನ್ನು ದಾಟಿ ಹಂಪಿಯ ಎದುರು ವಿರುಪಾಪುರಗಡ್ಡೆಯನ್ನು ಬಳಸಿ ಹರಿಯುತ್ತದೆ. ಬಂಡೆ, ಭತ್ತದ ಗದ್ದೆ, ನೀರಿನ ನಡುವಣ ಆ ರಮಣೀಯ ನೆಲದ ಮೇಲೆ ವರ್ಷಗಳ ಕಾಲ ಕುಟೀರ, ರೆಸಾರ್ಟುಗಳು ಎದ್ದವು. ದೇಶವಿದೇಶದ ಪ್ರವಾಸಿಗರು ಬಂದರು. ಆದರೆ ಸರ್ಕಾರದ 1988ರ ಅಧಿಸೂಚನೆಯಂತೆ ಅದು ಸಂರಕ್ಷಿತ ಪ್ರದೇಶ. 2019ರ ಆಗಸ್ಟ್‌ನ ನೆರೆಯಲ್ಲಿ ಗಡ್ಡೆಯಲ್ಲಿ ಸಿಲುಕಿದ ನೂರಾರು ಜನರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಕರೆತರಬೇಕಾಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮರುತಿಂಗಳೇ ಕಟ್ಟಡಗಳು ನೆಲಕ್ಕುರುಳಿದವು. ಒಂದೇ ನದಿ ಆರು ತಿಂಗಳ ಅಂತರದಲ್ಲಿ ಕೊಟ್ಟ ಎರಡು ಎಚ್ಚರಿಕೆಗಳವು. ಶ್ರೀರಂಗಪಟ್ಟಣದಲ್ಲೂ ಕೇಂದ್ರ ರಕ್ಷಿತ ಸ್ಮಾರಕಗಳಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆ ದ್ವೀಪದಲ್ಲಿ ಸ್ಮಾರಕಗಳ ದಟ್ಟಣೆಯನ್ನು ಕಂಡವರಿಗೆ ಉಳಿಯುವ ನೆಲವೆಷ್ಟೆಂದು ಹೇಳಬೇಕಿಲ್ಲ. ಕರಾವಳಿಯ ತೀರದ್ವೀಪ, ಹಿನ್ನೀರಿನ ದ್ವೀಪಗಳಲ್ಲಿ ಭರತರೇಖೆಯಿಂದ 20 ಮೀಟರ್ ಬಿಡಬೇಕೆಂಬುದು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ವಿಧಿ. ನಿವೇಶನಕ್ಕೆ ಮುಂಗಡ ಕೊಡುವ ಮೊದಲು ವಕೀಲರಿಗೆ, ಸರ್ವೇಯರ್‌ಗೆ ತೆರುವ ಶುಲ್ಕದಷ್ಟು ಸಾರ್ಥಕವಾದ ಹಣ ಇಡೀ ಯೋಜನೆಯಲ್ಲಿ ಬೇರೊಂದಿಲ್ಲ.

ಹಾಗಾದರೆ ಪಟ್ಟಿ ಹೇಗಿರಬೇಕು? ಸರ್ಕಾರಿ ಅಂದಾಜುಗಳಲ್ಲಿ ಅನಿರೀಕ್ಷಿತ ವೆಚ್ಚಕ್ಕೆಂದು ಶೇ 3ರಿಂದ 5ರಷ್ಟು ತೆಗೆದಿಡುವುದು ರೂಢಿ. ನಡುಗಡ್ಡೆಯ ಮನೆಗೆ ಅದನ್ನು ಶೇ 15ಕ್ಕೆ ಏರಿಸದೆ ಗುದ್ದಲಿ ಪೂಜೆ ಮಾಡಬಾರದೆಂದು ಈ ಲೇಖಕನ ಅಭಿಪ್ರಾಯ. ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಂತರೂ ಕಾವಲುಗಾರನ ಸಂಬಳ, ಸೆಂಟ್ರಿಂಗ್ ಸಾಮಾನಿನ ಬಾಡಿಗೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಲೆಕ್ಕವಿಡುವ ಶಿಸ್ತಿಗೆ ನಾಡಿನಲ್ಲೇ ಮೇಲ್ಪಂಕ್ತಿಯಿದೆ. 1897ರ ಬೆಂಕಿಯಲ್ಲಿ ಮರದ ಅರಮನೆ ಸುಟ್ಟ ಬಳಿಕ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ಕ್ಕೆ ಪೂರ್ಣಗೊಂಡ ಮೈಸೂರು ಅರಮನೆಯ ವೆಚ್ಚ ದಾಖಲಾಗಿರುವುದು 41,47,913 ರೂಪಾಯಿ ಎಂದು. ಹದಿನೈದು ವರ್ಷಗಳ ಮಹಾಕಾರ್ಯದ ಲೆಕ್ಕವನ್ನು ಕೊನೆಯ ಮೂರು ರೂಪಾಯಿವರೆಗೆ ಬರೆದಿಟ್ಟ ಆ ಕೈಗಳನ್ನು ನೆನೆದಾಗ ಗೌರವ ಮೂಡುತ್ತದೆ.

ಪಟ್ಟಿಯ ಮೊದಲ ಅಂಕಿ ಮಾತ್ರ ರೂಪಾಯಿಯಲ್ಲ, ಅಡಿಯಲ್ಲಿ ಇರಬೇಕು. ನಂದಿಗುಡಿಯಂಥ ಹೊಳೆಸಾಲಿನ ಊರುಗಳಲ್ಲಿ ಹಿರಿಯರನ್ನು ಕೇಳಿದರೆ ದೊಡ್ಡ ಹೊಳೆ ಬಂದ ವರ್ಷ ನೀರು ಯಾವ ಮರದ ಬುಡದವರೆಗೆ, ಯಾವ ಗುಡಿಯ ಎಷ್ಟನೆಯ ಮೆಟ್ಟಿಲವರೆಗೆ ಏರಿತ್ತೆಂದು ಕೈಮಾಡಿ ತೋರಿಸುತ್ತಾರೆ. ಆ ಗುರುತಿಗೆ ದಾರ ಹಿಡಿದು, ಅದರ ಮೇಲೆ ಇನ್ನೂ ಮೂರಡಿ ಸೇರಿಸಿ ಮನೆಯ ನೆಲದ ಮಟ್ಟವನ್ನು ಗೊತ್ತುಮಾಡಿದ ಮೇಲೆಯೇ ಎಷ್ಟು ಲೋಡು ಕಲ್ಲು, ಎಷ್ಟು ಲೋಡು ಮಣ್ಣು ಎಂಬ ಲೆಕ್ಕ ಶುರುವಾಗುವುದು.