ಕನ್ನಡಕಕ್ಕೆ ಕಾಸು ಕೊಡುವವರಾರು?

1951ರ ಏಪ್ರಿಲ್ ತಿಂಗಳಿನಲ್ಲಿ ಬ್ರಿಟನ್ನಿನ ಮಂತ್ರಿ ಅನೈರಿನ್ ಬೆವನ್ ತಮ್ಮ ಪದವಿಯನ್ನು ತ್ಯಜಿಸಿದರು. ಕಾರಣವನ್ನು ಕೇಳಿದವರಿಗೆ ಮೊದಲು ನಗು ಬಂದೀತು. ಅದುವರೆಗೆ ಸರಕಾರ ಪುಕ್ಕಟೆಯಾಗಿ ಕೊಡುತ್ತಿದ್ದ ಕನ್ನಡಕಕ್ಕೂ ಕಟ್ಟಿಸಿದ ಹಲ್ಲಿಗೂ ಇನ್ನು ಮೇಲೆ ಜನರು ಅರ್ಧ ಬೆಲೆ ತೆರಬೇಕೆಂದು ಹಣಕಾಸಿನ ಮಂತ್ರಿ ಹ್ಯೂ ಗೇಟ್ಸ್‌ಕೆಲ್ ಸಾರಿದ್ದರು. ಇಷ್ಟು ಅಲ್ಪ ವಿಷಯಕ್ಕಾಗಿ ಮಂತ್ರಿಪದವಿಯನ್ನು ಬಿಡುವುದುಂಟೆ? ಉತ್ತರ ಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಬೆವನ್ ವೇಲ್ಸಿನ ಟ್ರೆಡೀಗರ್ ಎಂಬ ಊರಿನವರು. ತಂದೆ ಕಲ್ಲಿದ್ದಲ ಗಣಿಯ ಕೂಲಿ. ಮಗನೂ ಹದಿಮೂರರ ಎಳೆಹರೆಯದಲ್ಲಿಯೇ ಗಣಿಗಿಳಿದವರು. ಆ ಊರಿನ ದುಡಿಮೆಗಾರರು ಸಂಬಳದಲ್ಲಿ ಅಷ್ಟಿಷ್ಟು ಕೂಡಿಸಿ ತಮ್ಮದೇ ಆದ ವೈದ್ಯಸಹಾಯ ಸಂಘವೊಂದನ್ನು ನಡೆಸುತ್ತಿದ್ದರು. ದೇಶದ ಬಹುಭಾಗದಲ್ಲಿ ಈ ಭಾಗ್ಯವಿರಲಿಲ್ಲ. 1911ರ ವಿಮಾ ಕಾಯಿದೆ ದುಡಿಯುವವನಿಗೆ ವೈದ್ಯನನ್ನು ಒದಗಿಸಿತೇ ಹೊರತು ಅವನ ಹೆಂಡತಿ ಮಕ್ಕಳನ್ನು ಒಳಗೊಂಡಿರಲಿಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವಳೇ ಔಷಧಕ್ಕೂ ಕೊನೆಯವಳಾಗಿದ್ದಳು.

1945ರಲ್ಲಿ ಆರೋಗ್ಯ ಮಂತ್ರಿಯಾದ ಬೆವನ್, ತಮ್ಮ ಊರಿನ ಆ ಏರ್ಪಾಟನ್ನು ಇಡೀ ದೇಶಕ್ಕೆ ವಿಸ್ತರಿಸಲು ಸಂಕಲ್ಪಿಸಿದರು. 1948ರ ಫೆಬ್ರವರಿಯಲ್ಲಿ ವೈದ್ಯರ ಸಂಘ ಮತ ತೆಗೆದುಕೊಂಡಾಗ ನೂರಕ್ಕೆ ಸುಮಾರು 90 ಮಂದಿ ವಿರೋಧವಾಗಿದ್ದರು. ತಾವು ಸಂಬಳದಾಳುಗಳಾಗಿಬಿಡುತ್ತೇವೆಂಬ ಅಂಜಿಕೆ ಅವರಿಗೆ. ತಜ್ಞವೈದ್ಯರಿಗೆ ಖಾಸಗಿ ಚಿಕಿತ್ಸೆಯ ಅವಕಾಶವನ್ನಿತ್ತು ಬೆವನ್ ಅವರನ್ನು ಒಲಿಸಿಕೊಂಡರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಸಿರಿವಂತನಿಗೂ ಬಡವನಿಗೂ ಒಂದೇ ಬಾಗಿಲು. ಖರ್ಚು ಬಹುತೇಕ ತೆರಿಗೆಯ ಹಣದಿಂದ.

ಬಾಗಿಲು ತೆರೆದೊಡನೆ ಪ್ರವಾಹ ನುಗ್ಗಿತು. ಮೊದಲ ವರ್ಷದಲ್ಲಿಯೇ ಸುಮಾರು 50 ಲಕ್ಷ ಕನ್ನಡಕಗಳು ವಿತರಣೆಯಾದವು. ಖರ್ಚು ಅಂದಾಜನ್ನು ಮೀರಿತು. ಬಿಟ್ಟಿ ಸಿಕ್ಕಿದರೆ ಯಾರು ಬೇಡವೆನ್ನುತ್ತಾರೆ ಎಂದು ಟೀಕಾಕಾರರು ನುಡಿದರು. ಆದರೆ ಕಣ್ಣು ಸರಿಯಾಗಿರುವವನು ಕನ್ನಡಕವನ್ನು ಪಡೆದು ಮಾಡುವುದೇನು? ಆ ಜನರ ದೃಷ್ಟಿ 1948ರಲ್ಲಿ ಒಮ್ಮೆಗೇ ಮಂದವಾದದ್ದಲ್ಲ. ಅಂಗಡಿಯಲ್ಲಿಟ್ಟಿದ್ದ ಅಗ್ಗದ ಕನ್ನಡಕಗಳನ್ನು ಒಂದೊಂದಾಗಿ ಹಾಕಿ ನೋಡಿ, ಹೇಗೋ ಹೊಂದಿದ್ದನ್ನು ಕೊಂಡು ಕಾಲ ಕಳೆದವರು ಅವರಲ್ಲಿ ಎಷ್ಟೋ ಮಂದಿ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗೇಟ್ಸ್‌ಕೆಲ್ಲರ ವಾದವನ್ನೂ ತಳ್ಳಿಹಾಕುವಂತಿಲ್ಲ. ಕೊರಿಯಾ ಯುದ್ಧದ ನಿಮಿತ್ತ ಮೂರು ವರ್ಷಗಳಲ್ಲಿ 470 ಕೋಟಿ ಪೌಂಡುಗಳ ಶಸ್ತ್ರಸಿದ್ಧತೆಗೆ ದೇಶ ಒಪ್ಪಿಕೊಂಡಿತ್ತು. ಹಲ್ಲು, ಕನ್ನಡಕಗಳ ಶುಲ್ಕದಿಂದ ಆ ವರ್ಷ ಉಳಿಯುತ್ತಿದ್ದುದು 1.3 ಕೋಟಿ ಪೌಂಡು ಮಾತ್ರ. ಇಂದು ಕನ್ನಡಕವಾದರೆ ನಾಳೆ ಮತ್ತೊಂದು ಎಂಬುದು ಬೆವನ್ನರ ಭೀತಿ. ಅದು ನಿಜವೇ ಆಯಿತು. 1952ರಲ್ಲಿ ಔಷಧದ ಚೀಟಿಗೂ ಒಂದು ಷಿಲಿಂಗ್ ಬಿದ್ದಿತು.

ದುಂದುವೆಚ್ಚದ ಕೂಗು ಹೆಚ್ಚಾದಾಗ ಸರಕಾರ 1953ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಗಿಲ್‌ಬೋ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. 1956ರಲ್ಲಿ ಬಂದ ಅದರ ವರದಿ ಎಲ್ಲರನ್ನೂ ಬೆರಗುಗೊಳಿಸಿತು. ರಾಷ್ಟ್ರೀಯ ಉತ್ಪನ್ನದಲ್ಲಿ ಆರೋಗ್ಯ ಸೇವೆಯ ಪಾಲು ಏರಿರಲಿಲ್ಲ, ನೂರಕ್ಕೆ 3.75ರಿಂದ 3.25ಕ್ಕೆ ಇಳಿದಿತ್ತು! ಬೆಲೆಯೇರಿಕೆಯನ್ನೂ ದೇಶದ ವರಮಾನವನ್ನೂ ಲೆಕ್ಕಿಸದೆ ಬರಿಯ ಪೌಂಡುಗಳನ್ನಷ್ಟೇ ಎಣಿಸಿದವರಿಗೆ ಅದು ಕಂಡಿರಲಿಲ್ಲ.

ಅಲ್ಲಿಗೆ ಚರ್ಚೆ ಮುಗಿಯಲಿಲ್ಲ. ಬೆವನ್ನರೊಡನೆ ರಾಜೀನಾಮೆಯಿತ್ತಿದ್ದ ಹೆರಾಲ್ಡ್ ವಿಲ್ಸನ್ ಮುಂದೆ ಪ್ರಧಾನಿಯಾದರು. 1965ರಲ್ಲಿ ಔಷಧಶುಲ್ಕವನ್ನು ತೆಗೆದುಹಾಕಿದ ಅವರ ಸರಕಾರವೇ 1968ರಲ್ಲಿ ಅದನ್ನು ಮರಳಿ ಹೇರಿತು. ಶುಲ್ಕವಿಲ್ಲದೆಡೆ ಬೆಲೆ ಬೇರೊಂದು ವೇಷದಲ್ಲಿ ಬರುವುದೂ ಉಂಟು: 2023ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳ ಕಾಯುವವರ ಪಟ್ಟಿ 70 ಲಕ್ಷವನ್ನು ದಾಟಿತ್ತು. ಅಲ್ಲಿ ರೋಗಿ ತೆರುವುದು ಕಾಲವನ್ನು.

ಬ್ರಿಟನ್ನಿನಲ್ಲಿ ಈ ಸೇವೆ ರೂಪುಗೊಳ್ಳುತ್ತಿದ್ದಾಗಲೇ ನಮ್ಮಲ್ಲಿಯೂ ಅದೇ ವಿಚಾರ ನಡೆದಿತ್ತು. ಹಣ ತೆರಲಾರನೆಂಬ ಕಾರಣಕ್ಕೆ ಯಾರೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂದು ಜೋಸೆಫ್ ಭೋರ್ ಸಮಿತಿ 1946ರಲ್ಲಿಯೇ ಹೇಳಿತ್ತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಖರ್ಚನ್ನು ವಹಿಸಿಕೊಂಡಿತು. ಆದರೆ ಆಸ್ಪತ್ರೆ ಸೇರದೆ ಪಡೆಯುವ ನಿತ್ಯದ ಗುಳಿಗೆ, ಅಜ್ಜಿಯ ಕನ್ನಡಕ, ಇವು ಆ ವಿಮೆಯ ಕಕ್ಷೆಗೆ ಬರಲಿಲ್ಲ.

ಎಲ್ಲರಿಗೂ ವೈದ್ಯವೆಂದರೆ ಎಷ್ಟು ಖರ್ಚಾದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಸರಕಾರ ಕೊಡದಿದ್ದಾಗ ಕೊಡುವವರು ಯಾರು? ಒಡವೆ ಅಡವಿಟ್ಟ ತಾಯಿ, ಓದು ಬಿಟ್ಟ ಮಗ, ಮಬ್ಬುಗಣ್ಣಿನಲ್ಲಿಯೇ ಹೊಲಿಗೆ ಹಾಕುವ ಮುದುಕಿ. ಇವರ ಖರ್ಚು ಯಾವ ಆಯವ್ಯಯ ಪತ್ರದಲ್ಲಿಯೂ ಕಾಣುವುದಿಲ್ಲ.